ಸವೆದ ವೀರಗಲ್ಲಿನ ಬರಹ ಪ್ರೊಜೆಕ್ಟರ್ ಬೆಳಕಿನಿಂದ ಹಿಡಿಯೋದು ಹೆಂಗ? ಅನುಭವ ಇದ್ದವರು ಹೇಳ್ರಿ

ಕೇಳಿದ್ದು (ಹಾವೇರಿ): ನಮ್ಮೂರ ಕೆರಿದಂಡಿ ಮ್ಯಾಲೆ ಐದಡಿ ಎತ್ತರದ ವೀರಗಲ್ಲು ಐತ್ರಿ. ಪಟ್ಟಿಕೆಗಳ ನಡುವಿನ ಬರಹ ಸವೆದು ಕಣ್ಣಿಗೆ ಕಾಣವಲ್ದು, ಕೈಗೆ ಮಾತ್ರ ಹತ್ತತೈತಿ. ಸಾಲಿಯ 1024×768 ಡಿಎಲ್‌ಪಿ ಪ್ರೊಜೆಕ್ಟರ್, ಒಂದು ಡಿಎಸ್‌ಎಲ್‌ಆರ್, ಲ್ಯಾಪ್‌ಟಾಪ್ ಸಿಗತಾವ. ಕಲ್ಲಿನ ಮ್ಯಾಲೆ ಪಟ್ಟೆ ಪಟ್ಟೆ ಬೆಳಕು ಹಾಕಿ, ಆ ಪಟ್ಟೆ ಬಾಗಿದ್ದನ್ನ ಕ್ಯಾಮೆರಾದಾಗ ಹಿಡಿದು ಮೂರು ಆಯಾಮದ ರೂಪ ತಗಿಯಾಕ ಇಷ್ಟು ಸಾಕೇನ್ರಿ? ಎಲ್ಲಿ ಕೆಡತೈತಿ?

ಧಾರವಾಡ, ಕಂಪ್ಯೂಟರ್ ವಿಷನ್ ಕಲಿಸುವವರು: ಸಾಕ್ರಿ ಸರ್. ಆದ್ರ ಇಡೀ ಕಲ್ಲನ್ನ ಒಂದೇ ಸೂಕ್ಷ್ಮತೆಯೊಳಗ ಹಿಡೀಲಿಕ್ಕೆ ಹೋಗಬ್ಯಾಡ್ರಿ. ಶ್ರಮ ಎಲ್ಲಾ ಬರಹದ ಪಟ್ಟಿಗೆ ಇರಲಿ. ಯುದ್ಧ, ಅಪ್ಸರೆಯರು, ಲಿಂಗಪೂಜೆ ಇರೋ ಪಟ್ಟಿಕೆಗಳಿಗೆ ಸುತ್ತಲಿಂದ ತಗದ ಫೋಟೊ ಕೂಡಿಸಿ ರೂಪ ಕಟ್ಟೋ ಫೋಟೋಗ್ರಾಮೆಟ್ರಿನೇ ಸಾಕಾಗ್ತದ.

ಬರಹಕ್ಕ ಪ್ರೊಜೆಕ್ಟರನ್ನ ಸುಮಾರು 1.2 ಮೀಟರ್ ದೂರ ಇಟ್ಟು 60 ಸೆಂ.ಮೀ. ಅಗಲಕ್ಕ ಬೆಳಕು ಕೂಡಿಸ್ರಿ. ಕ್ಯಾಮೆರಾ ಅದರ ಬಾಜೂಕ 40 ಸೆಂ.ಮೀ. ಅಂತರದಾಗ ಇರಲಿ. ಅಂತರ ಕಡಿಮೆ ಆದ್ರ ಆಳದ ತಪ್ಪು ಏರ್ತದ, ಭಾಳ ಹೆಚ್ಚಾದ್ರ ಗೀರಿನ ಒಳಗ ನೆರಳು ಬಿದ್ದು ಅಲ್ಲಿ ಅಳತೆನೇ ಸಿಗೂದಿಲ್ಲ. ಬರೇ ಗ್ರೇ ಕೋಡ್ (ಬೆಳಕಿನ ಪ್ರತಿ ಜಾಗಕ್ಕೂ ಬೇರೆ ಗುರುತು ಕೊಡೋ ಕಪ್ಪು-ಬಿಳಿ ಪಟ್ಟೆಗಳ ಸರಣಿ) ಬಳಸಿದ್ರ ಒಂದು ಪಿಕ್ಸೆಲ್ ತಪ್ಪಿಗೆ ಆಳ ಹೆಚ್ಚುಕಡಿಮೆ 1.8 ಮಿ.ಮೀ. ಜಿಗೀತದ, ಸವೆದ ಅಕ್ಷರ ಅದರಾಗ ಮುಳುಗಿ ಹೋಗ್ತದ. ಅದಕ್ಕ ಫೇಸ್ ಶಿಫ್ಟ್ (ಅಲೆಯಂಗ ಏರಿಳಿಯೋ ಪಟ್ಟೆಗಳನ್ನ ಸ್ವಲ್ಪ ಸ್ವಲ್ಪ ಸರಿಸಿ ಫೋಟೊ ತಗಿಯೋದು) ಕೂಡಿಸಲೇಬೇಕು. ಪಿಕ್ಸೆಲ್ಲಿನ ಹತ್ತನೇ ಭಾಗ ಸಿಕ್ಕರೂ ತಪ್ಪು 0.2 ಮಿ.ಮೀ. ಒಳಗ ಬರ್ತದ.

ಚಿತ್ರಗಳ ಲೆಕ್ಕ: 16 ಪಿಕ್ಸೆಲ್ ಅಲೆ ಇಟ್ಟರ 1024 ಅಗಲದಾಗ 64 ಅಲೆ. ಅವನ್ನ ಗುರುತಿಸಲಿಕ್ಕೆ 6 ಗ್ರೇ ಕೋಡ್ ಚಿತ್ರ ಸಾಕು. ಅಲೆಯ ಅಂಚಿನಾಗ ಒಂದು ಅಲೆ ಆಚೀಚೆ ಜಿಗಿಯೋದನ್ನ ತಡೀಲಿಕ್ಕೆ ಏಳನೇದೊಂದು ಸೇರಿಸ್ರಿ. ಪ್ರತಿಯೊಂದಕ್ಕೂ ಕಪ್ಪು-ಬಿಳಿ ತಿರುವಿದ ಜೋಡಿ ಅಂದ್ರ 14, ಫೇಸ್ ಶಿಫ್ಟ್ 8 ಹಂತ, ಪೂರ್ತಿ ಬಿಳಿ ಒಂದು, ಪೂರ್ತಿ ಕಪ್ಪು ಒಂದು: ಒಟ್ಟು 24. ಮೂರೇ ಹಂತದಾಗ ಮುಗಿಸಿದ್ರ ಪ್ರೊಜೆಕ್ಟರಿನ ಗಾಮಾ ದೋಷ (ಕೊಟ್ಟ ಅಂಕಿಗೆ ಸರಿಸಮ ಬೆಳಕು ಏರದಿರೋದು) ಮೇಲ್ಮೈ ಮ್ಯಾಲೆ ಅಲೆ ಅಲೆ ಆಗಿ ಕೂಡ್ತದ.

ಹುಬ್ಬಳ್ಳಿ, ಗೋಕುಲ ರೋಡ್, ಎರಕದ ಭಾಗ ಅಳೆಯುವವರು: ಮೊದ್ಲು ಪ್ರೊಜೆಕ್ಟರಿನ ಕೀಸ್ಟೋನ್ (ಓರೆ ಬಿದ್ದ ಚಿತ್ರವನ್ನ ಚೌಕ ಮಾಡೋ ಸೌಲಭ್ಯ) ಆಫ್ ಮಾಡ್ರಿ. ಅದು ಆನ್ ಇದ್ರ ಚಿತ್ರ ಒಳಗ ಹಿಗ್ಗಿ ಕುಗ್ಗಿ ಸಣ್ಣ ಪಟ್ಟೆ ಕಲಸಿ ಹೋಗ್ತಾವ. ಎಕೋ, ಡೈನಾಮಿಕ್ ಕಾಂಟ್ರಾಸ್ಟ್ ಎರಡೂ ಬಂದ್. 20 ನಿಮಿಷ ಬಿಸಿ ಆಗಾಕ ಬಿಟ್ಟು ಆಮ್ಯಾಲೆ ಕೆಲಸ ಹಿಡೀರಿ.

ಡಿಎಲ್‌ಪಿಯೊಳಗ ಬಣ್ಣದ ಚಕ್ರ ತಿರಗತೈತಿ. ಎಕ್ಸ್‌ಪೋಜರ್ 1/60 ಅಥವಾ 1/30 ಸೆಕೆಂಡ್ ಇಡ್ರಿ, 1/200 ಅಂದ್ರ ಫೋಟೊದಾಗ ಬಣ್ಣದ ಪಟ್ಟಿ ಬರತಾವ. ಕ್ಯಾಮೆರಾ ಮ್ಯಾನ್ಯುಯಲ್, ಎಫ್/8, ಆಟೋಫೋಕಸ್ ಬಂದ್, ಫೋಕಸ್ ರಿಂಗಿಗೆ ಟೇಪ್. ಬಟನ್ ಕೈಲೆ ಒತ್ತಬ್ಯಾಡ್ರಿ, ಲ್ಯಾಪ್‌ಟಾಪಿನಿಂದ ಕೇಬಲ್ ಮ್ಯಾಲೆ ಕ್ಲಿಕ್ ಮಾಡ್ರಿ.

ಕ್ಯಾಲಿಬ್ರೇಶನ್‌ಗೆ (ಕ್ಯಾಮೆರಾ, ಪ್ರೊಜೆಕ್ಟರ್ ಎರಡರ ಲೆನ್ಸು, ಜಾಗದ ಲೆಕ್ಕ ಕೂಡಿಸಾಕ) ಚೆಸ್‌ಬೋರ್ಡ್ ಹಾಳಿಯನ್ನ ದಪ್ಪ ಗಾಜಿಗೆ ಗುಳ್ಳೆ ಬಿಡದಂಗ ಅಂಟಿಸ್ರಿ, ರಟ್ಟು ಬಾಗತೈತಿ. ಚೌಕದ ಅಳತೆ ವರ್ನಿಯರ್‌ಲೇ ತಗೋರಿ, ಪ್ರಿಂಟರ್ ಹೇಳಿದ್ದು ನಂಬಬ್ಯಾಡ್ರಿ. 15-20 ಓರೆಯೊಳಗ ಹಿಡಿದು ತೆಗಿರಿ, ಪ್ರತಿ ಓರೆಗೂ ಉದ್ದ ಅಡ್ಡ ಎರಡೂ ಗ್ರೇ ಕೋಡ್ ಪಟ್ಟೆ ಬೇಕು. ರೀಪ್ರೊಜೆಕ್ಷನ್ ತಪ್ಪು (ಲೆಕ್ಕ ಹೇಳಿದ ಬಿಂದು, ಫೋಟೊದಾಗ ಕಂಡ ಬಿಂದು ಇವುಗಳ ಅಂತರ) 0.5 ಪಿಕ್ಸೆಲ್ ದಾಟಿದ್ರ ಮುಂದ ಹೋಗಬ್ಯಾಡ್ರಿ. ಸಾಲಿ ಪ್ರೊಜೆಕ್ಟರಿನ ಚಿತ್ರ ಲೆನ್ಸಿನ ನೇರಕ್ಕಿಂತ ಮ್ಯಾಲೆ ಬೀಳತೈತಿ. ಹಂಗಾಗಿ ಅದರ ಕೇಂದ್ರಬಿಂದು ಚಿತ್ರದ ನಡುವೆ ಐತಿ ಅಂತ ಹಿಡಿದು ಲಾಕ್ ಮಾಡಿದ್ರ ಲೆಕ್ಕ ಎಂದೂ ಕೂಡಂಗಿಲ್ಲ.

ಒಂದು ಮಾತು: ಎರಕದ ಭಾಗಕ್ಕ ಹೊಡಿಯೋ ಬಿಳಿ ಡೆವಲಪರ್ ಸ್ಪ್ರೇ ಕಲ್ಲಿಗೆ ಬ್ಯಾಡ್ರೀಪ. ಸೀಮೆಸುಣ್ಣ, ಎಣ್ಣೆ, ಹಿಟ್ಟು ಯಾವುದೂ ಬ್ಯಾಡ.

ಗದಗ, ಶಾಸನಗಳ ಫೋಟೊ ತೆಗೆಯುವವರು: ಕತ್ತಲಾದ ಮೇಲೆಯೇ ಮಾಡಿ. ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್ ಇರುತ್ತದೆ. 3000 ಲುಮೆನ್ ಪ್ರೊಜೆಕ್ಟರ್ ಒಂದು ಚದರ ಮೀಟರಿಗೆ ಕೊಡುವುದು 3000 ಲಕ್ಸ್. ಕೆರೆ ದಂಡೆಯಲ್ಲಿ ಬೆಳಕಿಗೆ ಹುಳ ಮುತ್ತುತ್ತವೆ, ಲೆನ್ಸಿನ ಮುಂದೆ ಹಾರಿದ ಒಂದು ಹುಳ ಆ ಜಾಗದ ಕೋಡನ್ನೇ ಕೆಡಿಸುತ್ತದೆ. ಇಡೀ ಸರಣಿಯನ್ನು ಎರಡು ಸಲ ತೆಗೆದು, ಎರಡರಲ್ಲೂ ಒಂದೇ ಉತ್ತರ ಬಂದ ಬಿಂದುಗಳನ್ನು ಮಾತ್ರ ಉಳಿಸಿಕೊಳ್ಳಿ.

ಬಳಪದ ಕಲ್ಲಾದರೆ ಮುಟ್ಟಿ ಮುಟ್ಟಿ ನುಣುಪಾದ ಕಡೆ ಹೊಳಪು ಬರುತ್ತದೆ. ಪ್ರೊಜೆಕ್ಟರ್ ಮುಂದೊಂದು, ಕ್ಯಾಮೆರಾ ಮುಂದೊಂದು ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರ್) ಹಾಕಿ, ಒಂದನ್ನು ಹೊಳಪು ಸಾಯುವವರೆಗೆ ತಿರುಗಿಸಿ. ಬೆಳಕು ನಾಲ್ಕನೇ ಒಂದು ಭಾಗಕ್ಕಿಂತಲೂ ಇಳಿಯುತ್ತದೆ, ಎಕ್ಸ್‌ಪೋಜರ್ 1/60ರ ಗುಣಿತಗಳಲ್ಲೇ (1/30, 1/15 ಹೀಗೆ) ಏರಿಸಿ.

ಬರಹದ ಪಟ್ಟಿಯನ್ನು ತುಣುಕು ತುಣುಕಾಗಿ ಹಿಡಿದು ಜೋಡಿಸುವಾಗ ಮೂರನೇ ಒಂದು ಭಾಗ ಒಂದರ ಮೇಲೊಂದು ಬರಲಿ. ಬರಹದ ಪಟ್ಟಿ ಚಪ್ಪಟೆ ಇರುವುದರಿಂದ ಐಸಿಪಿ ಜೋಡಣೆ (ಹತ್ತಿರದ ಬಿಂದುಗಳನ್ನು ಹೊಂದಿಸುತ್ತ ತುಣುಕು ಕೂಡಿಸುವ ಲೆಕ್ಕ) ಪಕ್ಕಕ್ಕೆ ಜಾರುತ್ತದೆ. ಅದನ್ನು ತಡೆಯಲು ಬೇಕಾದ ಗುರುತುಗಳನ್ನು ಕಲ್ಲಿಗೆ ಅಂಟಿಸದೆ, ಸುತ್ತ ನಿಲ್ಲಿಸಿದ ಮರದ ಚೌಕಟ್ಟಿಗೆ ಅಂಟಿಸಿ.

ಓದುವುದಕ್ಕೆ ಪಾಯ್ಸನ್ ಮೆಶ್ (ಬಿಂದುಗಳ ಮೇಲೆ ನುಣುಪಾದ ಮೇಲ್ಮೈ ಹೊದಿಸುವುದು) ಮಾಡಬೇಡಿ, ಅದು ಅಕ್ಷರವನ್ನು ಇನ್ನಷ್ಟು ಸವೆಸುತ್ತದೆ. ಕ್ಲೌಡ್‌ಕಂಪೇರ್ ತಂತ್ರಾಂಶದಲ್ಲಿ ಬಿಂದುಗಳಿಗೆ ಒಂದು ಸಮತಲ ಹೊಂದಿಸಿ, ಅದರಿಂದ ಇರುವ ದೂರಕ್ಕೆ ಬಣ್ಣ ಕೊಡಿ. ಬಣ್ಣದ ವ್ಯಾಪ್ತಿಯನ್ನು ±1 ಮಿ.ಮೀ.ಗೆ ಬಿಗಿ ಮಾಡಿದರೆ ಉಳಿದ ಗೀರುಗಳು ಎದ್ದು ಬರುತ್ತವೆ. ಕಲ್ಲೇ ಬಾಗಿದ್ದರೆ ಪಟ್ಟಿಯನ್ನು ಅಂಗೈಯಗಲ ತುಂಡು ಮಾಡಿ ಒಂದೊಂದಕ್ಕೂ ಬೇರೆ ಸಮತಲ ಹಾಕಿ.