ಉತ್ತರ: ಕ್ಲೆಫ್ಟ್ ಸೆಂಟೆನ್ಸ್‌ಗೆ ಕನ್ನಡ ಪದ (ನಾಳೆ ಬೆಳಗ್ಗೆಯೊಳಗೆ ಬೇಕು)

ಮೇಡಂ, ನೀವು ಕೇಳಿದ್ದು ಕ್ಲೆಫ್ಟ್ ಸೆಂಟೆನ್ಸ್ ಅನ್ನೋದಕ್ಕೆ ಕನ್ನಡ ಪದ, ಅಂದ್ರೆ "ರವಿ ಕೇಮ್" ಅನ್ನೋ ಒಂದು ಮಾತನ್ನ "ಇಟ್ ವಾಸ್ ರವಿ ದಟ್ ಕೇಮ್" ಅಂತ ಎರಡು ಮಾಡಿ, ಒಂದು ಭಾಗಕ್ಕೆ ಒತ್ತು ಕೊಡೋ ಇಂಗ್ಲಿಷ್ ವಾಕ್ಯ. ನೋಟ್ಸ್ ಜೆರಾಕ್ಸ್‌ಗೆ ಕೊಡೋದು ನಾಳೇನೇ ಅಂದ್ರೆ ಸೀಳುವಾಕ್ಯ ಅಂತ ಹಾಕಿ ಕಳಿಸ್ಬಿಡಿ. ಮೇಲೆ ಒಬ್ರು ಹೇಳಿದ "ವಿಭಕ್ತ ವಾಕ್ಯ" ಬೇಡವೇ ಬೇಡ, ಮಕ್ಕಳು ವಿಭಕ್ತಿ ಪ್ರತ್ಯಯ ಅಂದ್ಕೊಂಡು ಉ, ಅನ್ನು, ಇಂದ ಅಂತ ಶುರು ಹಚ್ಕೋತಾರೆ. ಸೌದೆ ಸೀಳಿದ್ರೆ ಒಂದು ಕೊರಡು ಎರಡು ಹೋಳಾಗುತ್ತೆ, ಮರ ಮಾತ್ರ ಅದೇ. 1937ರಲ್ಲಿ ಡೆನ್ಮಾರ್ಕಿನ ಭಾಷಾವಿಜ್ಞಾನಿ ಯೆಸ್ಪರ್ಸನ್ ಕ್ಲೆಫ್ಟ್, ಅಂದ್ರೆ ಸೀಳಿದ್ದು, ಅಂತ ಹೆಸರಿಟ್ಟಿದ್ದೂ ಇದನ್ನ ನೋಡೇ, ಒಂದೇ ಮಾತು ಎರಡು ತುಂಡು. ನಮ್ಮ ಮುಳಬಾಗಿಲು ಕಡೆ ತೆಲುಗು ಮನೆಗಳಲ್ಲಿ ಚೀಲು ಅಂತಾರಲ್ಲ ಅದೂ ಇದೇ ಬೇರು, ಇಷ್ಟು ಹಳೇ ಪದ ಕೈಯಲ್ಲಿ ಇಟ್ಕೊಂಡು ಇನ್ನೇನು ಹುಡುಕ್ತೀರ.

ಆದ್ರೆ ನೀವು ಕೇಳಿದ್ದ ಇನ್ನೊಂದು ಪ್ರಶ್ನೆ, ನಿಮ್ಮ ಕ್ಲಾಸಿನ ಹುಡುಗ ಬರೆದ ವಾಕ್ಯ ಯಾಕೆ ಹಾಗಾಯ್ತು ಅನ್ನೋದು, ಯಾರೂ ಮುಟ್ಟೇ ಇಲ್ಲ. ಅವನು "ಇಟ್ ಈಸ್ ರೆಡ್ ದಟ್ ದ ಟೊಮೇಟೊ ಈಸ್" ಅಂತ ಬರೆದಿದ್ದು ದಡ್ಡತನದಿಂದ ಅಲ್ಲ. ಕೋಲಾರದ ಮಂಡೀಲಿ ಕ್ರೇಟ್ ಮುಂದೆ ನಿಂತು "ಹಣ್ಣು ಇರೋದೇ ಕೆಂಪಗೆ ಕಣಣ್ಣ" ಅಂತಾರೆ, ಅದನ್ನೇ ಅವನು ಇಂಗ್ಲಿಷಿಗೆ ಇಳಿಸಿದಾನೆ. ನಮ್ಮಲ್ಲಿ ಕೆಂಪಿಗೆ ಒಂದು ಗೆ ಅಂಟಿದ್ರೆ ಸಾಕು, "ಹೇಗಿದೆ" ಅನ್ನೋದಕ್ಕೆ ಉತ್ತರವಾಗಿ ಕೊನೇಲಿ ಕೂತ್ಕೊಳುತ್ತೆ. ಇಂಗ್ಲಿಷಲ್ಲಿ ಒತ್ತು ಬೀಳೋ ಜಾಗಕ್ಕೆ, ಅಂದ್ರೆ ಇಟ್ ಈಸ್‌ಗೂ ದಟ್‌ಗೂ ನಡುವೆ, ನಾಮಪದ ಬರುತ್ತೆ, ಇನ್ ಕೋಲಾರ್, ಎಸ್ಟರ್‌ಡೇ ಥರದ್ದೂ ಸಲೀಸಾಗಿ ಬರುತ್ತೆ, ರೆಡ್ ಥರದ ಬರೀ ಗುಣವಾಚಕ ಮಾತ್ರ ಒದ್ದಾಡುತ್ತೆ, ಅದರಲ್ಲೂ ಈಸ್, ವಾಸ್ ಆದಮೇಲೆ ಕೂತಿದ್ದನ್ನ ಎತ್ತಿ ತಂದ್ರೆ. "ಇಟ್ ವಾಸ್ ಗ್ರೀನ್ ದಟ್ ದೆ ಪೇಂಟೆಡ್ ದ ಗೇಟ್" ನಡೆಯುತ್ತೆ, ಯಾಕಂದ್ರೆ ಅಲ್ಲಿ ಹಸಿರು ಅನ್ನೋದು ಬಳಿದ ಕೆಲಸದ ಫಲ, ನೀಲಿ ಅಲ್ಲ ಹಸಿರು ಅಂತ ಎದುರು ನಿಲ್ಲುತ್ತೆ. "ವಾಟ್ ಹಿ ಈಸ್ ಈಸ್ ಲೇಜಿ" ಅಂತ ವಾಟ್‌ನಿಂದ ಶುರು ಮಾಡಿದ್ರೂ ಸರಿ. ಐರ್ಲೆಂಡಿನವರು "ಈಸ್ ಇಟ್ ಮ್ಯಾಡ್ ಯು ಆರ್" ಅಂತಾನೂ ಕೇಳ್ತಾರೆ, ಅವರ ಐರಿಷ್ ಭಾಷೇಲಿ ಒತ್ತು ಕೊಡೋ ಮಾತನ್ನ ಮೊದಲಿಗೆ ತರೋ ರೂಢಿ ಇದೆ, ಅದು ಅವರ ಇಂಗ್ಲಿಷಿಗೂ ಬಂತು. ನಿಮ್ಮ ಹುಡುಗ ಮಾಡಿದ್ದೂ ಅದೇನೇ, ಪರೀಕ್ಷೇಲಿ ಮಾರ್ಕ್ಸ್ ಸಿಗಲ್ಲ ಅಷ್ಟೇ.

ಇನ್ನು "ಗುಣವಾಚಕ ಸಂಸ್ಕೃತ, ಪರಿಚೆಪದ ಅನ್ನಿ" ಅಂತ ಒಂದು ಸಾಲು ಎಸೆದು ಹೋದವರಿಗೆ: ಸ್ವಾಮಿ, ಮಕ್ಕಳು ಸ್ಕೂಲಲ್ಲಿ ಗುಣವಾಚಕ ಅಂತಾನೇ ಓದಿದಾರೆ. ಸೀಳು ತಗೊಂಡಿದ್ದು ಜನರ ಬಾಯಲ್ಲಿದೆ ಅಂತ, ಗುಣವಾಚಕ ಬಿಡದೇ ಇರೋದೂ ಅದಕ್ಕೇ. ನಾಳೆ ಕ್ಲಾಸಿಗೆ ಹೋಗೋರು ಮೇಡಂ, ನೀವಲ್ಲ.

ಮೇಡಂ, ಹುಡುಗನ ಆ ವಾಕ್ಯಕ್ಕೆ ಅಡ್ಡಗೆರೆ ಹಾಕೋ ಮುಂಚೆ ಪಕ್ಕದಲ್ಲಿ ಅವನ ಕನ್ನಡ ವಾಕ್ಯ ಬರೆದು, ಆ ಗೆ ಅಕ್ಷರಕ್ಕೆ ಒಂದು ಸುತ್ತು ಹಾಕಿ ತೋರಿಸಿ.