ಅತ್ತೆ, ಆ ಫಾರಂಗೆ ಸಹಿ ಹಾಕುವ ಮೊದಲು ಇದನ್ನು ಓದಿ

ಅತ್ತೆ, ಬೆಳಿಗ್ಗೆ ನೀವು ಗ್ರೂಪಿನಲ್ಲಿ ಹಾಕಿದ್ದನ್ನು ಈಗ ನೋಡಿದೆ. ಪಿಂಚಣಿ ಕಚೇರಿಯವರು ಇನ್ನು ಮೇಲೆ ಮನೆಗೆ ಕಾಗದ ಕಳಿಸುವುದಿಲ್ಲ, ಏನಿದ್ದರೂ ಮೊಬೈಲಿಗೆ ಮೆಸೇಜ್ ಬರುತ್ತದೆ, ಒಪ್ಪಿಗೆ ಅಂತ ಸಹಿ ಹಾಕಿ ಅಂದಿದ್ದಾರೆ, ಹಾಕಲಾ ಬೇಡವಾ ಅಂತ ಕೇಳಿದ್ದೀರಿ. ಅದಕ್ಕೆ ಭಾವ, ಒಳ್ಳೆಯದೇ ಆಯಿತು, ಈ ಕಾಲದಲ್ಲಿ ಕಾಗದ ಯಾರಿಗೆ ಬೇಕು ಅಂತ ಬರೆದಿದ್ದಾರೆ. ನನಗೆ ಇದರಲ್ಲಿ ಹೇಳುವುದು ಜಾಸ್ತಿ ಇದೆ. ಮಾತಾಡಿದ ಹಾಗೇ ಬರೆದುಬಿಡುತ್ತೇನೆ, ಉದ್ದ ಆದರೂ ಪೂರ್ತಿ ಓದಿ.

ಭಾವ, ನೀವು ಹೇಳಿದ್ದು ತಪ್ಪಲ್ಲ. ನಾಳೆ ಹತ್ತು ಗಂಟೆಗೆ ಬನ್ನಿ, ದುಡ್ಡು ಜಮಾ ಆಗಿದೆ, ಇಂಥ ದಾಖಲೆ ತರುವುದನ್ನು ಮರೆಯಬೇಡಿ, ಇಷ್ಟಕ್ಕೆ ಮೆಸೇಜೇ ಸರಿ. ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ, ಮೆಸೇಜ್ ಮಾಡಿ ನೆನಪಿಸಿದರೆ ಹೇಳಿದ ದಿನಕ್ಕೆ ಬರುವವರು ಹೆಚ್ಚುತ್ತಾರೆ. ಕಿವಿ ಕೇಳದವರಿಗೆ ಫೋನ್ ಕರೆಗಿಂತ ಮೆಸೇಜ್ ಎಷ್ಟೋ ವಾಸಿ. ಸ್ವಂತ ಮನೆ ಇಲ್ಲದೆ ಇವತ್ತು ಇಲ್ಲಿ ನಾಳೆ ಅಲ್ಲಿ ಅಂತ ಇರುವವರಿಗೆ ಕಾಗದ ಬರುವುದಾದರೂ ಎಲ್ಲಿಗೆ? ಅಂಚೆಯಲ್ಲೂ ಕಾಗದ ಕಳೆದುಹೋಗುತ್ತದೆ, ತಡವಾಗುತ್ತದೆ. ಅದೆಲ್ಲ ಒಪ್ಪಿದೆ.

ಆದರೆ ನೆನಪಿಸುವುದು ಬೇರೆ, ತೀರ್ಮಾನ ತಿಳಿಸುವುದು ಬೇರೆ ಅಲ್ವಾ. ನಿಮ್ಮ ದುಡ್ಡು ಕಡಿಮೆ ಮಾಡಿದ್ದೇವೆ, ನಿಲ್ಲಿಸಿದ್ದೇವೆ, ಇಷ್ಟು ದಿನದೊಳಗೆ ಉತ್ತರ ಕೊಡದಿದ್ದರೆ ನಿಲ್ಲಿಸುತ್ತೇವೆ, ಇಂಥ ಮಾತು ಮೆಸೇಜಿನಲ್ಲಿ ಮಾತ್ರ ಬರಬಾರದು. ಇದನ್ನು ನಾನು ನಮ್ಮ ಮನೆಯಲ್ಲೇ ಕಂಡು ಹೇಳುತ್ತಿದ್ದೇನೆ.

ಅಪ್ಪನ ಪಿಂಚಣಿ ಎರಡು ತಿಂಗಳು ನಿಂತಿದ್ದು ನಿಮಗೆಲ್ಲ ಗೊತ್ತು, ಯಾಕೆ ನಿಂತಿತು ಅನ್ನುವುದು ಎಲ್ಲರಿಗೂ ಗೊತ್ತಿಲ್ಲ. ಅರ್ಜಿ ಹಾಕುವಾಗ ಅಪ್ಪನ ಹತ್ತಿರ ಮೊಬೈಲ್ ಇರಲಿಲ್ಲ, ತಮ್ಮನ ನಂಬರ್ ಕೊಟ್ಟಿದ್ದೆವು. ಆಮೇಲೆ ತಮ್ಮ ಆ ಸಿಮ್ ಬಿಟ್ಟುಬಿಟ್ಟ. ಕಚೇರಿಯಿಂದ ಇನ್ನೊಂದು ದಾಖಲೆ ಕೊಡಿ ಅಂತ ಮೆಸೇಜ್ ಹೋಗಿದ್ದು ಆ ಸತ್ತ ನಂಬರಿಗೆ. ನಾವು ಹೋಗಿ ಕೇಳಿದರೆ ಕಂಪ್ಯೂಟರ್ ತಿರುಗಿಸಿ ತೋರಿಸಿದರು, ನೋಡಿ, ಇಂಥ ದಿನ ಕಳಿಸಿದ್ದೇವೆ, ಅವಧಿ ಮುಗಿದಿದೆ ಅಂತ. ನಮಗೆ ಬಂದೇ ಇಲ್ಲ ಅಂದರೆ, ಬಂದಿಲ್ಲ ಅನ್ನುವುದಕ್ಕೆ ಪುರಾವೆ ಕೊಡಿ ಅಂದರು. ಬಾರದ ಮೆಸೇಜಿಗೆ ಪುರಾವೆ ಎಲ್ಲಿಂದ ತರುವುದು ಹೇಳಿ? ಅಪ್ಪ ಆವತ್ತು ಒಂದು ಮಾತೂ ಆಡದೆ ಆಟೋದಲ್ಲಿ ಕೂತಿದ್ದರು. ಅವರು ಹಳೆಯ ಕಾಗದವನ್ನೆಲ್ಲ ಲಕೋಟೆ ಸಮೇತ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿರುವವರು, ಯಾಕೆ ಲಕೋಟೆ ಅಂದರೆ ಅದರ ಮೇಲೆ ಅಂಚೆ ಮೊಹರು ಇರುತ್ತದೆ, ಯಾವ ದಿನ ಹಾಕಿದರು ಅಂತ ಮೊಹರೇ ಹೇಳುತ್ತದೆ. ಮೆಸೇಜಿನಲ್ಲಿ ನಮ್ಮ ಕೈಗೆ ಅಂಥದ್ದೇನೂ ಸಿಗುವುದಿಲ್ಲ, ಲೆಕ್ಕವೆಲ್ಲ ಅವರ ಕಂಪ್ಯೂಟರಿನಲ್ಲೇ.

ಆಮೇಲೆ ನಾನು ಸುಮ್ನೆ ಕೂರಲಿಲ್ಲ, ಈ ಮೆಸೇಜ್ ಅನ್ನುವುದು ಹೇಗೆ ಹೋಗುತ್ತದೆ ಅಂತ ಓದಿಕೊಂಡೆ. ಎಸ್‌ಎಂಎಸ್ ನೇರವಾಗಿ ನಮ್ಮ ಫೋನಿಗೆ ಬರುವುದಿಲ್ಲ. ಮೊದಲು ಕಂಪನಿಯ ಒಂದು ಕೇಂದ್ರದಲ್ಲಿ ನಿಲ್ಲುತ್ತದೆ. ಫೋನ್ ಆಫ್ ಆಗಿದ್ದರೆ ಒಂದಷ್ಟು ಹೊತ್ತು ಕಾಯುತ್ತದೆ, ಆ ಅವಧಿ ದಾಟಿದರೆ ಅಳಿಸಿಹೋಗುತ್ತದೆ. ತಲುಪಿತು ಅಂತ ಕಳಿಸಿದವರಿಗೆ ವರದಿ ಬಂದರೂ ಅದರ ಅರ್ಥ ಫೋನಿಗೆ ಬಿತ್ತು ಅಂತ ಅಷ್ಟೇ. ಯಾರಾದರೂ ಓದಿದರಾ ಅನ್ನುವುದು ಎಸ್‌ಎಂಎಸ್‌ನಲ್ಲಿ ಗೊತ್ತಾಗುವುದಿಲ್ಲ, ವಾಟ್ಸಾಪಿನ ನೀಲಿ ಗುರುತು ಅಲ್ಲಿಲ್ಲ. ಹಾಗಿರುವಾಗ ಕಳಿಸಿದ ದಿನದಿಂದ ಗಡುವು ಎಣಿಸುವುದು ಯಾವ ನ್ಯಾಯ?

ನಂಬರಿನ ವಿಷಯವೂ ಅಷ್ಟೇ. ಬಿಟ್ಟ ನಂಬರ್ ಖಾಲಿ ಉಳಿಯುವುದಿಲ್ಲ, ಬೇರೆಯವರಿಗೆ ಕೊಡುತ್ತಾರೆ. ಅಮೆರಿಕದಲ್ಲಿ ಕನಿಷ್ಠ 45 ದಿನ ಕಾಯಬೇಕು, ಭಾರತದಲ್ಲಿ ಕನಿಷ್ಠ 90 ದಿನ, ಆಮೇಲೆ ಅದು ಇನ್ಯಾರದೋ ನಂಬರ್. ಅಂದರೆ ನಮ್ಮ ಮನೆಯ ದುಡ್ಡಿನ ವಿಷಯ ಗೊತ್ತಿಲ್ಲದವರ ಫೋನಿಗೆ ಹೋಗುತ್ತದೆ. ಒಂದೇ ಮನೆಯಲ್ಲೂ ತೊಂದರೆ ಇದೆ, ಎಷ್ಟೋ ಹೆಂಗಸರ ಹೆಸರಿನ ಅರ್ಜಿಗೆ ಗಂಡನ ನಂಬರೋ ಮಗನ ನಂಬರೋ ಇರುತ್ತದೆ. ದುಡ್ಡು ಬಂತಾ ಇಲ್ಲವಾ ಅಂತ ಅವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದನ್ನು ನೆನೆಸಿಕೊಂಡರೆ ನನಗೆ ಹೆಚ್ಚು ಸಂಕಟ ಆಗುತ್ತದೆ.

ಇನ್ನೊಂದು, ಜಾಗ. ಒಂದು ಎಸ್‌ಎಂಎಸ್‌ಗೆ ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಿ ಬರೆದರೆ 70ಕ್ಕೇ ಮುಗಿಯುತ್ತದೆ, ಅದೂ ಒತ್ತು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. 'ಸ್ತ್ರೀ' ಅಂತ ಬರೆದರೆ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಅಲ್ಲಿ ಆರು ಜಾಗ ತಿನ್ನುತ್ತದೆ. ಉದ್ದ ಕಳಿಸಬಹುದು, ತುಂಡು ತುಂಡಾಗಿ ಹೋಗುತ್ತದೆ, ಪ್ರತಿ ತುಂಡಿಗೂ ಖರ್ಚು. ಹಾಗಾಗಿ ಮೊಟಕು ಮಾಡುತ್ತಾರೆ. "ದಾಖಲೆ ಸಲ್ಲಿಸಿ, ತಪ್ಪಿದರೆ ಪಾವತಿ ಸ್ಥಗಿತ." ಯಾವ ದಾಖಲೆ, ಎಂದಿನೊಳಗೆ, ಯಾಕೆ, ಒಪ್ಪಿಗೆ ಇಲ್ಲದಿದ್ದರೆ ಮೇಲ್ಮನವಿ ಯಾರಿಗೆ, ಏನೂ ಇಲ್ಲ. ಕಾಗದದಲ್ಲಿ ಇದನ್ನೆಲ್ಲ ಬರೆಯಲು ಜಾಗ ಇತ್ತು. ಮೆಸೇಜಿನಲ್ಲಿ ಜಾಗ ಇಲ್ಲ ಅಂತ ಒಂದು ಲಿಂಕ್ ಹಾಕುತ್ತಾರೆ, ಅಲ್ಲೇ ಮೋಸಗಾರರಿಗೆ ದಾರಿ ಆಗುವುದು.

ಯಾಕೆ ಅಂದರೆ ಮೆಸೇಜ್ ಮೇಲೆ ಕಾಣುವ ಕಚೇರಿಯ ಹೆಸರನ್ನು ಕಟ್ಟುನಿಟ್ಟು ಇಲ್ಲದ ಕಡೆ ಬೇರೆಯವರೂ ಹಾಕಿ ಕಳಿಸಬಹುದು. ಹೆಸರು ಒಂದೇ ಆದರೆ ಫೋನ್ ಅದನ್ನು ನಿಜವಾದ ಮೆಸೇಜುಗಳ ಸಾಲಿನಲ್ಲೇ ತೋರಿಸುತ್ತದೆ. ವಯಸ್ಸಾದವರು ಹೇಗೆ ಗುರುತಿಸಬೇಕು? ಸಿಂಗಾಪುರದಲ್ಲಿ 2023ರಿಂದ ಹೀಗೆ ಹೆಸರಿನಲ್ಲಿ ಕಳಿಸುವವರೆಲ್ಲ ನೋಂದಣಿ ಮಾಡಿಸಲೇಬೇಕು, ಇಲ್ಲದಿದ್ದರೆ ಇದು ಮೋಸ ಇರಬಹುದು ಅನ್ನುವ ಹಣೆಪಟ್ಟಿ ಹತ್ತುತ್ತದೆ. 2024ರ ಜುಲೈಯಿಂದ ಅಲ್ಲಿನ ಸರ್ಕಾರಿ ಕಚೇರಿಗಳೆಲ್ಲ ಒಂದೇ ಹೆಸರಿನಲ್ಲಿ ಕಳಿಸುತ್ತವೆ. ಆಸ್ಟ್ರೇಲಿಯಾದಲ್ಲಿ ಮೈಗವ್ ಅನ್ನುವ ಸರ್ಕಾರಿ ಖಾತೆಯವರು ತಾವಾಗಿ ಕಳಿಸುವ ಮೆಸೇಜಿನಲ್ಲಿ ಲಿಂಕ್ ಹಾಕುವುದನ್ನೇ ನಿಲ್ಲಿಸಿದರು. ಅದು ನನಗೆ ತುಂಬಾ ಹಿಡಿಸಿತು. ಲಿಂಕ್ ಇದ್ದರೆ ಅದು ನಮ್ಮದಲ್ಲ ಅಂತ ಹೇಳಿಬಿಟ್ಟರೆ ಎಂಬತ್ತು ವರ್ಷದವರಿಗೂ ಅರ್ಥ ಆಗುತ್ತದೆ.

ಭಾವ ಇನ್ನೊಂದು ಮಾತು ಹೇಳಿದ್ದಾರೆ, ಮುಂದುವರಿದ ದೇಶದಲ್ಲೆಲ್ಲ ಕಾಗದ ಹೋಯಿತು ಅಂತ. ಡೆನ್ಮಾರ್ಕಿನಲ್ಲಿ ಹೋಯಿತು, ನಿಜ. 2014ರಿಂದ ಸರ್ಕಾರಿ ಪತ್ರಗಳೆಲ್ಲ ಡಿಜಿಟಲ್ ಪೆಟ್ಟಿಗೆಗೇ ಬರುತ್ತವೆ, ಅಲ್ಲಿನ ಅಂಚೆ ಸಂಸ್ಥೆ 2025ರ ಕೊನೆಗೆ ಕಾಗದ ಹಂಚುವುದನ್ನೇ ಬಿಟ್ಟಿತು. ಆದರೆ ಗಮನಿಸಿ ಭಾವ, ಅದು 160 ಅಕ್ಷರದ ಮೆಸೇಜಲ್ಲ, ಪೂರ್ತಿ ಪತ್ರ ಅಲ್ಲಿ ಉಳಿದಿರುತ್ತದೆ, ಬೇಕಾದಾಗ ತೆಗೆದು ಓದಬಹುದು. ನನಗೆ ಇದು ಆಗುವುದಿಲ್ಲ ಅನ್ನುವವರು ಅರ್ಜಿ ಕೊಟ್ಟು ವಿನಾಯಿತಿಯನ್ನೂ ಪಡೆಯಬಹುದು.

ಅತ್ತೆ, ನೀವು ಈಗ ಏನು ಮಾಡಬೇಕು ಅಂತ ಹೇಳುತ್ತೇನೆ. ಆ ಫಾರಂಗೆ ಹಾಗೇ ಸಹಿ ಹಾಕಬೇಡಿ. ನೆನಪಿನ ಸೂಚನೆ ಮೆಸೇಜಿನಲ್ಲಿ ಬರಲಿ, ತೀರ್ಮಾನ ಮತ್ತು ಗಡುವು ಇರುವ ಪತ್ರ ಅಂಚೆಯಲ್ಲಿ ಬರಲಿ ಅಂತ ಅದರ ಮೇಲೇ ಬರೆದು, ಒಂದು ಪ್ರತಿಗೆ ಕಚೇರಿಯ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಆಗುವುದಿಲ್ಲ ಅಂದರೆ ಅದನ್ನೂ ಬರೆದು ಕೊಡಿ ಅಂತ ಕೇಳಿ. ಅಲ್ಲಿ ಯಾವ ನಂಬರ್ ಇದೆ ಅಂತ ನೋಡಿಸಿ, ನನಗೆ ಅನುಮಾನ, ನಿಮ್ಮದೂ ಹಳೆಯ ನಂಬರೇ ಇರಬಹುದು. ಬಂದ ಮೆಸೇಜ್ ಯಾವುದನ್ನೂ ಅಳಿಸಬೇಡಿ, ಫೋಟೋ ತೆಗೆದು ನನಗೆ ಕಳಿಸಿ. ಲಿಂಕ್ ಇದ್ದರೆ ಮುಟ್ಟಬೇಡಿ, ಪಾಸ್‌ಬುಕ್ಕಿನ ಜೊತೆ ಇಟ್ಟಿರುವ ಹಳೆಯ ಕಾಗದದಲ್ಲಿ ಕಚೇರಿಯ ಫೋನ್ ನಂಬರ್ ಇರುತ್ತದೆ, ಅದಕ್ಕೇ ಮಾಡಿ ಕೇಳೋಣ.

ಸೋಮವಾರ ನನಗೆ ರಜೆ ಇದೆ. ಹತ್ತು ಗಂಟೆಗೆ ಬರುತ್ತೇನೆ, ಒಟ್ಟಿಗೇ ಹೋಗೋಣ. ಭಾವ, ಬಿಡುವಿದ್ದರೆ ನೀವೂ ಬನ್ನಿ, ಅಲ್ಲಿ ಮಾತಾಡುವುದಕ್ಕೆ ನೀವಿದ್ದರೆ ಅತ್ತೆಗೆ ಧೈರ್ಯ.