‘ಗೆಟ್’ ಪದವನ್ನ ಯಾವ ದಾರಿಯಲ್ಲಿ ಕಲಿಯೋದು? ಅನುಭವ ಇರೋರು ತಿಳಿಸಿ

ಪೀಣ್ಯ ಸ್ಟೋರ್ಸ್:
ಕನ್ನಡ ಮೀಡಿಯಂನಲ್ಲಿ ಓದಿದ್ದು, ಈಗ ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ. ಇಂಗ್ಲಿಷ್ ಮೇಲ್ ಓದಿದರೆ ಅರ್ಥ ಆಗುತ್ತೆ, ‘ಗೆಟ್’ ಬಂದ ಕಡೆ ಮಾತ್ರ ತಡವರಿಸ್ತೀನಿ. ‘ಐ ವಿಲ್ ಗೆಟ್ ಬ್ಯಾಕ್ ಟು ಯು’, ‘ಗೆಟ್ ಇಟ್ ಡನ್ ಬೈ ಫ್ರೈಡೇ’, ‘ದ ಲಾರಿ ಗಾಟ್ ಹೆಲ್ಡ್ ಅಪ್’, ಈ ಮೂರೂ ಒಂದೇ ದಿನ ಬಂದವು. ನಿಘಂಟು ತೆಗೆದರೆ ಉದ್ದದ ಪಟ್ಟಿ. ಬಾಯಿಪಾಠ ಮಾಡಬೇಕಾ, ಕ್ಲಾಸಿಗೆ ಸೇರಬೇಕಾ? ದಿನಕ್ಕೆ ಅರ್ಧ ಗಂಟೆ ಬಿಡುವಿದೆ.

ಗಾಂಧಿಬಜಾರ್ ಟ್ಯೂಷನ್:
ಪಟ್ಟಿ ಬಾಯಿಪಾಠ ಬೇಡವೇ ಬೇಡ. ‘ಗೆಟ್’ಗೆ ಒಂಟಿಯಾಗಿ ಅರ್ಥ ಹುಡುಕಿದವರು ವರ್ಷಗಟ್ಟಲೆ ಅಲ್ಲೇ ಸುತ್ತುತ್ತಾರೆ. ಪಕ್ಕದಲ್ಲಿ ಏನು ಬಂದಿದೆ ಅಂತ ನೋಡಿ. ವಸ್ತುವಿನ ಹೆಸರು ಬಂದರೆ ಸಿಗು, ಪಡೆ, ತಂದುಕೊಡು: ‘ಐ ಗಾಟ್ ಎ ಲೆಟರ್’, ‘ಗೆಟ್ ಮಿ ಎ ಚೇರ್’. ಗುಣ ಹೇಳುವ ಪದ ಬಂದರೆ ಆಗು: ‘ಇಟ್ ಈಸ್ ಗೆಟಿಂಗ್ ಡಾರ್ಕ್’, ಕತ್ತಲಾಗ್ತಿದೆ. ‘ಟು’ ಹಾಕಿ ಜಾಗದ ಹೆಸರು ಬಂದರೆ ತಲುಪು: ‘ವಿ ಗಾಟ್ ಟು ಮೆಜೆಸ್ಟಿಕ್ ಅಟ್ ಸಿಕ್ಸ್’. ‘ಹೋಮ್’, ‘ಹಿಯರ್’, ‘ದೇರ್’ ಇಂಥ ಪದಗಳಿಗೆ ‘ಟು’ ಸೇರಲ್ಲ. ‘ಐ ಗಾಟ್ ಟು ಹೋಮ್’ ತಪ್ಪು, ನಮ್ಮ ಕಡೆ ದಿನಾ ಕೇಳಿಬರುತ್ತೆ. ಅದೇ ‘ಟು’ ಆದಮೇಲೆ ಕ್ರಿಯಾಪದ ಬಂದರೆ ಅವಕಾಶ ಸಿಕ್ಕಿತು ಅಂತ: ‘ಐ ಗಾಟ್ ಟು ಮೀಟ್ ಹರ್’. ಅದರ ಮುಂಚೆ ‘ಹ್ಯಾವ್’ ಕೂತರೆ ಮತ್ತೆ ಅರ್ಥ ಬದಲು: ‘ಐ ಹ್ಯಾವ್ ಗಾಟ್ ಟು ಮೀಟ್ ಹರ್’ ಅಂದರೆ ಭೇಟಿ ಮಾಡಲೇಬೇಕು. ಬರೀ ‘ಐ ಹ್ಯಾವ್ ಗಾಟ್ ಎ ಸೈಕಲ್’ ಅಂದರೆ ನನ್ನ ಹತ್ತಿರ ಸೈಕಲ್ ಇದೆ ಅಷ್ಟೇ, ಹೊಸದಾಗಿ ಸಿಕ್ಕಿದ್ದು ಅಂತಲ್ಲ.

ನೆನಪಿಟ್ಟುಕೊಳ್ಳೋಕೆ ಕಾರ್ಡ್ ಮಾಡೋದಾದರೆ ಮುಂದೆ ‘ಗೆಟ್’, ಹಿಂದೆ ಕನ್ನಡ ಅರ್ಥ ಬರೀಬೇಡಿ. ಎಲ್ಲ ಕಾರ್ಡಿನ ಮುಖವೂ ಒಂದೇ ಆಗಿಬಿಡುತ್ತೆ, ಯಾವುದಕ್ಕೆ ಯಾವ ಉತ್ತರ ಅಂತ ನೆನಪೇ ಉಳಿಯಲ್ಲ. ಮುಂದೆ ಪೂರ್ತಿ ಕನ್ನಡ ವಾಕ್ಯ, ಹಿಂದೆ ಪೂರ್ತಿ ಇಂಗ್ಲಿಷ್ ವಾಕ್ಯ ಬರೀರಿ. ಒಂದು ಮಾದರಿಗೆ 5 ವಾಕ್ಯ, ದಿನಕ್ಕೆ ಒಂದೇ ಮಾದರಿ. ವಾಕ್ಯವೆಲ್ಲ ನಿಮ್ಮ ಸ್ಟೋರ್ಸಿನದೇ ಇರಲಿ.

ಹನುಮಂತನಗರ ಕನ್ನಡತಿ:
ಸರ್, ಮುಖ್ಯವಾದ ಮಾದರಿಯನ್ನೇ ಬಿಟ್ಟಿರಿ. ಕನ್ನಡದವರು ಅತಿ ಹೆಚ್ಚು ಎಡವೋದು ‘ಐ ಕಟ್ ಮೈ ಹೇರ್’, ‘ಐ ಪೇಂಟೆಡ್ ಮೈ ಹೌಸ್’ ಅನ್ನುವಲ್ಲಿ. ಕೇಳಿದವರಿಗೆ ಕತ್ತರಿ, ಬ್ರಷ್ ಇವರೇ ಹಿಡಿದಿದ್ದರು ಅಂತ ಅರ್ಥ ಆಗುತ್ತೆ. ಕನ್ನಡದಲ್ಲಿ ಮಾಡು–ಮಾಡಿಸು, ಕಟ್ಟು–ಕಟ್ಟಿಸು, ಹೊಲಿ–ಹೊಲಿಸು ಎಂಬ ಜೋಡಿ ಇದೆಯಲ್ಲ, ಆ ‘ಇಸು’ ಬಂದ ಕಡೆಯೆಲ್ಲ ‘ಗೆಟ್’ ಹಾಕಿ ನೋಡಿ. ಮೊದಲು ವಸ್ತು, ಆಮೇಲೆ ಕ್ರಿಯಾಪದದ ಮೂರನೇ ರೂಪ (‘ಡೂ–ಡಿಡ್–ಡನ್’ನಲ್ಲಿ ‘ಡನ್’). ‘ಐ ಗಾಟ್ ದ ಹೌಸ್ ಪೇಂಟೆಡ್’, ‘ಐ ಗಾಟ್ ದ ಬೈಕ್ ರಿಪೇರ್ಡ್’. ‘ಐ ಗಾಟ್ ರಿಪೇರ್ಡ್ ದ ಬೈಕ್’ ಅಂತ ತಿರುಗಿಸಿದರೆ ಕೆಟ್ಟಿತು.

ಯಾರ ಕೈಲಿ ಮಾಡಿಸಿದ್ದು ಅಂತ ಹೇಳಬೇಕಾದರೆ ವ್ಯಕ್ತಿ, ‘ಟು’, ಮೊದಲನೇ ರೂಪ: ‘ಐ ಗಾಟ್ ಹಿಮ್ ಟು ಸೈನ್’. ಇಲ್ಲಿ ‘ಟು’ ಬಿಡಬಾರದು. ‘ಮೇಕ್’, ‘ಹ್ಯಾವ್’ ಹಾಕಿದರೆ ಅದೇ ‘ಟು’ ಇರಬಾರದು: ‘ಐ ಮೇಡ್ ಹಿಮ್ ಸೈನ್’. ‘ಗೆಟ್’ನಲ್ಲಿ ಒಪ್ಪಿಸಿ ಮಾಡಿಸಿದ ಛಾಯೆ, ‘ಮೇಕ್’ನಲ್ಲಿ ಬಲವಂತ. ಮೇಲಧಿಕಾರಿಗಳ ಬಗ್ಗೆ ಬರೆಯೋವಾಗ ಈ ವ್ಯತ್ಯಾಸ ತಿಳಿದಿರಲೇಬೇಕು. ಅದಕ್ಕೇ ಹೇಳೋದು, ಕನ್ನಡದ ಮೂಲಕವೇ ಹೋಗಿ, ನಮ್ಮ ಭಾಷೆ ಅಡ್ಡಿ ಅಲ್ಲ.

ಗಾಂಧಿಬಜಾರ್ ಟ್ಯೂಷನ್:
ಅಡ್ಡಿ ಹೌದು ಮೇಡಂ! ‘ಆ ಪುಸ್ತಕ ಅವೆನ್ಯೂ ರೋಡಲ್ಲಿ ಸಿಗುತ್ತೆ’ ಅನ್ನೋದನ್ನ ಕನ್ನಡದ ಮೂಲಕ ಹೋದವರು ‘ದಟ್ ಬುಕ್ ವಿಲ್ ಗೆಟ್ ಇನ್ ಅವೆನ್ಯೂ ರೋಡ್’ ಅಂತಾರೆ. ಕನ್ನಡದಲ್ಲಿ ಸಿಗೋದು ಪುಸ್ತಕ, ಇಂಗ್ಲಿಷಿನಲ್ಲಿ ‘ಗೆಟ್’ ಮಾಡೋದು ಮನುಷ್ಯ. ‘ಯು ಗೆಟ್ ದಟ್ ಬುಕ್ ಆನ್ ಅವೆನ್ಯೂ ರೋಡ್’ ಅನ್ನಬೇಕು. ‘ಇಡ್ಲಿ ವಿಲ್ ಗೆಟ್?’ ಅಂತ ಕೇಳೋದೂ ಇದೇ ರೋಗ. ಇನ್ನೊಂದು, ‘ಹಿ ಗಾಟ್ ಹಿಸ್ ಹ್ಯಾಂಡ್ ಕಾಟ್ ಇನ್ ದ ಮಷಿನ್’. ವಸ್ತು ಇದೆ, ಮೂರನೇ ರೂಪ ಇದೆ. ಇಲ್ಲಿ ಯಾರಿಂದ ಏನು ‘ಮಾಡಿಸಿದ’? ನಿಮ್ಮ ‘ಇಸು’ ಇಲ್ಲಿಗೆ ಸೋತಿತು.

ಹನುಮಂತನಗರ ಕನ್ನಡತಿ:
ಸೋತಿಲ್ಲ. ಆ ವಾಕ್ಯಕ್ಕೆ ಕನ್ನಡ ‘ಮಷಿನ್‌ಗೆ ಕೈ ಸಿಕ್ಕಿಸಿಕೊಂಡ’. ‘ಇಸು’ ಕಣ್ಣೆದುರೇ ಇದೆ ನೋಡಿ.

‘ಇಟ್ ವಿಲ್ ಗೆಟ್’ ತಪ್ಪಿಗೂ ಮದ್ದು ಕನ್ನಡದಲ್ಲೇ ಇದೆ. ‘ನನಗೆ’, ‘ಅವಳಿಗೆ’, ‘ನಮಗೆ’ ಎಂಬ ಪದದಿಂದ ‘ಗೆ’ ತೆಗೆದು ಅದನ್ನೇ ಕರ್ತೃ ಮಾಡಿ. ನನಗೆ ಕೆಲಸ ಸಿಕ್ಕಿತು, ‘ಐ ಗಾಟ್ ಎ ಜಾಬ್’. ಅವಳಿಗೆ ಜ್ವರ ಬಂತು, ‘ಶಿ ಗಾಟ್ ಎ ಫೀವರ್’. ನನಗೆ ಸಿಟ್ಟು ಬಂತು, ‘ಐ ಗಾಟ್ ಆಂಗ್ರಿ’. ‘ಗೆ’ ಕಾಣದಿದ್ದರೆ, ನಿಮ್ಮ ಅವೆನ್ಯೂ ರೋಡಿನ ವಾಕ್ಯದ ಹಾಗೆ, ‘ನಿಮಗೆ’ ಸೇರಿಸಿಕೊಂಡು ಆಮೇಲೆ ತೆಗೀರಿ. ಬದಲಾವಣೆ ಇಲ್ಲದೆ ಸ್ಥಿತಿ ಮಾತ್ರ ಇದ್ದರೆ ‘ಗೆಟ್’ ಬರಲ್ಲ: ನನಗೆ ಹಸಿವಾಗಿದೆ, ‘ಐ ಆಮ್ ಹಂಗ್ರಿ’. ಇಷ್ಟು ನೆಟ್ಟಗೆ ಹೇಳಿಕೊಟ್ಟರೆ ಯಾರೂ ತಪ್ಪಲ್ಲ. ಹೇಳಿಕೊಡದೆ ಕನ್ನಡದ ಮೇಲೆ ತಪ್ಪು ಹೊರಿಸೋದು ನನಗೆ ನಿಜಕ್ಕೂ ನೋವಾಗುತ್ತೆ.

ಮಲ್ಲೇಶ್ವರಂ ನಿವೃತ್ತ:
ಒಳ್ಳೆಯ ಬರಹದಲ್ಲಿ ‘ಗೆಟ್’ ಕಾಣಿಸಲೇಬಾರದು. ‘ಗಾಟ್ ಯುವರ್ ಲೆಟರ್’ ಎಂದು ಕಚೇರಿ ಪತ್ರದಲ್ಲಿ ಬರೆದರೆ ಮರ್ಯಾದೆ ಉಳಿಯುವುದಿಲ್ಲ. ‘ರಿಸೀವ್’, ‘ಅಬ್ಟೇನ್’, ‘ಬಿಕಮ್’, ‘ರೀಚ್’ ಈ ನಾಲ್ಕನ್ನು ಕಲಿತರೆ ಸಾಕು.

ಕೋರಮಂಗಲ ಐಇಎಲ್‌ಟಿಎಸ್ ಕೋಚ್:
ಸಾಲಲ್ಲ ಸರ್. ‘ಐ ಅಬ್ಟೇನ್ಡ್ ಎ ಕೋಲ್ಡ್’ ಅಂತ ಯಾರೂ ಅನ್ನಲ್ಲ, ‘ಗೆಟ್ ಮ್ಯಾರೀಡ್’ ಜಾಗದಲ್ಲಿ ‘ಬಿಕಮ್ ಮ್ಯಾರೀಡ್’ ಕೂರಲ್ಲ. ಮದುವೆ ಮಾತು ಬಂತಲ್ಲ, ‘ಗಾಟ್ ಮ್ಯಾರೀಡ್ ವಿತ್’ ತಪ್ಪು, ‘ಟು’ ಬೇಕು. ‘ರೀಚ್’ ಹಾಕೋರು ಅದಕ್ಕೂ ‘ಟು’ ಅಂಟಿಸ್ತಾರೆ, ‘ರೀಚ್ಡ್ ಟು ಮೆಜೆಸ್ಟಿಕ್’ ಅಂತ. ಅಲ್ಲಿ ‘ಟು’ ಬೇಡ. ಔಪಚಾರಿಕ ಪತ್ರದಲ್ಲಿ ‘ರಿಸೀವ್’ ಬರೀಬೇಕು ಅನ್ನೋದು ಒಪ್ಪಿದೆ, ಆದರೆ ದಿನದ ಮೇಲ್‌ಗೂ ಮಾತಿಗೂ ‘ಗೆಟ್’ ಪೂರ್ತಿ ಸರಿ.

ಲಾರಿ ವಾಕ್ಯದ ಬಗ್ಗೆ ಯಾರೂ ಹೇಳಲಿಲ್ಲ. ‘ಗಾಟ್’ ಆದಮೇಲೆ ನೇರವಾಗಿ ಮೂರನೇ ರೂಪ ಬಂದರೆ ಅದು ಕರ್ಮಣಿ ಪ್ರಯೋಗ, ‘ವಾಸ್’ ಇದ್ದ ಹಾಗೆ. ಎಲ್ಲ ಕಡೆ ಹೊಂದಲ್ಲ. ಇದ್ದಕ್ಕಿದ್ದಂತೆ ಬಂದೆರಗಿದ್ದು, ನಷ್ಟ, ಅದೃಷ್ಟ ಇಂಥದ್ದಕ್ಕೆ ಚೆನ್ನಾಗಿ ಹೊಂದುತ್ತೆ: ‘ಗಾಟ್ ಫೈನ್ಡ್’, ‘ಗಾಟ್ ಡಿಲೇಡ್’, ‘ಗಾಟ್ ಪ್ರಮೋಟೆಡ್’. ಶೇಷಾದ್ರಿ ಅಯ್ಯರ್ ಸ್ಮಾರಕ ಭವನ 1915ರಲ್ಲಿ ಕಟ್ಟಲಾಯಿತು ಅನ್ನೋದಕ್ಕೆ ‘ವಾಸ್ ಬಿಲ್ಟ್’ ಅಂತಲೇ ಬರೀಬೇಕು.

ಇನ್ನು, ಬಸ್ಸಿಂದ ಇಳಿಯೋದಕ್ಕೆ ‘ಗೆಟ್ ಡೌನ್’ ಅನ್ನೋದು ಬಿಡಿ. ಎದ್ದು ನಡೆಯುವಷ್ಟು ಜಾಗ ಇರೋ ಬಸ್, ಮೆಟ್ರೊ, ವಿಮಾನಕ್ಕೆ ‘ಗೆಟ್ ಆನ್’, ‘ಗೆಟ್ ಆಫ್’. ಕಾಲು ಆಚೀಚೆ ಹಾಕಿ ಕೂರುವ ಬೈಕಿಗೂ ಅದೇ. ಬಗ್ಗಿ ಒಳಗೆ ಕೂರೋ ಕಾರು, ಆಟೋಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’.

ಶಿವಾಜಿನಗರ ಪ್ಯಾಸೆಂಜರ್:
ಯಾಕ್ರೀ ಬಿಡಬೇಕು? ‘ಗೆಟ್ ಡೌನ್ ಅಟ್ ಕಾರ್ಪೊರೇಷನ್’ ಅಂದರೆ ಈ ಊರಲ್ಲಿ ಡ್ರೈವರಿಂದ ಹಿಡಿದು ಪ್ರೊಫೆಸರ್‌ವರೆಗೆ ಎಲ್ಲರಿಗೂ ಅರ್ಥ ಆಗುತ್ತೆ. ಭಾರತದ ಇಂಗ್ಲಿಷಿನಲ್ಲಿ ಬೇರೂರಿದ ಬಳಕೆ ಅದು. ಲಂಡನ್ನಿನವರು ಹೇಳಲ್ಲ ಅಂತ ನಮ್ಮ ಜನರ ಮಾತಿಗೆ ತಪ್ಪು ಅನ್ನೋ ಮುದ್ರೆ ಒತ್ತಬೇಡಿ.

ಕೋರಮಂಗಲ ಐಇಎಲ್‌ಟಿಎಸ್ ಕೋಚ್:
ಇಲ್ಲಿ ಮಾತಾಡೋರಿಗೆ ಮುದ್ರೆ ಒತ್ತುತ್ತಿಲ್ಲ. ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆ ಬರೆಯೋರು, ಹೊರದೇಶದ ಗ್ರಾಹಕರ ಜೊತೆ ಫೋನಲ್ಲಿ ಮಾತಾಡೋರು ‘ಗೆಟ್ ಆಫ್’ ರೂಢಿಸಿಕೊಳ್ಳದಿದ್ದರೆ ನಷ್ಟ ಅವರದೇ. ಅಂಕ ಹೋದಮೇಲೆ ನೀವು ತಂದುಕೊಡ್ತೀರಾ?

ಅವೆನ್ಯೂ ರೋಡ್ ಹಳೇಪುಸ್ತಕ:
ಜಗಳ ಆಮೇಲೆ, ಪುಸ್ತಕದ ಮಾತು ಕೇಳಿ. ಕ್ಲಾಸಿಗೆ ದುಡ್ಡು ಕಟ್ಟೋ ಮುಂಚೆ ಪಾಠಪಟ್ಟಿ ತೋರಿಸಿ ಅನ್ನಿ. ಎರಡು ತಿಂಗಳ ಸ್ಪೋಕನ್ ಕೋರ್ಸಿನಲ್ಲಿ ಸ್ವಪರಿಚಯ, ಇಂಟರ್‌ವ್ಯೂ, ಕಾಲ ಇವೇ ತುಂಬಿದ್ದು ‘ಗೆಟ್’ಗೆ ಒಂದು ತರಗತಿಯೂ ಇಲ್ಲದಿದ್ದರೆ ನಿಮ್ಮ ಸಮಸ್ಯೆಗೆ ಅದು ದಂಡ.

ಇಂಗ್ಲಿಷ್–ಕನ್ನಡ ನಿಘಂಟು ಅರ್ಥ ಕೊಡುತ್ತೆ, ವಾಕ್ಯದ ಮಾದರಿ ಸಾಮಾನ್ಯವಾಗಿ ಕೊಡಲ್ಲ. ಅದಕ್ಕೆ ಕಲಿಯೋರಿಗೆಂದೇ ಮಾಡಿದ ನಿಘಂಟು ಬೇಕು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ 1942ರಲ್ಲಿ ಅಲ್ಲೇ ತಂದ ನಿಘಂಟೇ ಮುಂದೆ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಆಯಿತು. ಜಪಾನಿ ವಿದ್ಯಾರ್ಥಿಗಳನ್ನು ಎದುರಿಟ್ಟುಕೊಂಡು ಮಾಡಿದ್ದರಿಂದ ಕ್ರಿಯಾಪದದ ಮಾದರಿಗಳಿಗೆ ಅಷ್ಟು ಒತ್ತು. 1978ರ ಲಾಂಗ್‌ಮನ್ ನಿಘಂಟು ಸುಮಾರು 2,000 ಸರಳ ಪದಗಳಲ್ಲೇ ವಿವರಣೆ ಕೊಟ್ಟಿತು, ಅರ್ಥ ನೋಡಲು ಇನ್ನೊಂದು ನಿಘಂಟು ತೆಗೆಯೋ ಕಷ್ಟ ಇಲ್ಲ. ‘ಗೆಟ್’ ಬಳಕೆ ಹತ್ತು ಹದಿನೈದು ವರ್ಷದಲ್ಲಿ ಬದಲಾಗಿಲ್ಲ, ಹಳೇ ಆವೃತ್ತಿಯೇ ಸಾಕು. ಕೊಳ್ಳೋವಾಗ ಹೆಸರಿನಲ್ಲಿ ‘ಲರ್ನರ್ಸ್’ ಇದೆಯಾ ನೋಡಿ, ‘ಕನ್ಸೈಸ್’ ಇದ್ದರೆ ಅದು ಬೇರೆ ಜಾತಿ. ‘ಜಿ’ ಭಾಗದ ಪುಟ ಬಿಚ್ಚಿ ನೋಡಿ, ಹೊಲಿಗೆ ಬಿಟ್ಟ ಪ್ರತಿಯಲ್ಲಿ ಹಾಳೆ ಉದುರಿರುತ್ತೆ. ಆಕ್ಸ್‌ಫರ್ಡ್‌ನದು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತೆ, ಆದರೂ ‘ಗೆಟ್’ನಂಥ ಉದ್ದದ ನಮೂದಿಗೆ ಕಾಗದದ ಪುಟವೇ ಮೇಲು.

ಮಲ್ಲೇಶ್ವರಂ ನಿವೃತ್ತ:
ಹೊಸ ಪುಸ್ತಕಗಳಲ್ಲಿ ‘ಗಾಟನ್’ ಎಂದು ಅಚ್ಚಾಗುತ್ತಿದೆಯಲ್ಲ, ಅಮೆರಿಕದವರು ಕಟ್ಟಿದ ಆ ಪದವನ್ನು ನಮ್ಮ ಮಕ್ಕಳಿಗೆ ದಯವಿಟ್ಟು ಕಲಿಸಬೇಡಿ.

ಕೋರಮಂಗಲ ಐಇಎಲ್‌ಟಿಎಸ್ ಕೋಚ್:
ಅಮೆರಿಕದವರು ಕಟ್ಟಿದ್ದಲ್ಲ ಸರ್, ಇಂಗ್ಲೆಂಡಿನದೇ ಹಳೇ ರೂಪ. ಅಲ್ಲಿ ಬಳಕೆ ತಪ್ಪಿತು, ಅಮೆರಿಕದಲ್ಲಿ ಉಳಿಯಿತು. ‘ಫರ್ಗಾಟನ್’ ನೀವೂ ಬರೀತೀರಲ್ಲ? ಅಮೆರಿಕದವರೂ ಎಲ್ಲ ಕಡೆ ಹಾಕಲ್ಲ. ‘ಐ ಹ್ಯಾವ್ ಗಾಟ್ ಎ ಕಾರ್’ ಅಂದರೆ ಅವರಿಗೂ ಕಾರು ಇದೆ ಅಂತ, ‘ಐ ಹ್ಯಾವ್ ಗಾಟನ್ ಎ ಕಾರ್’ ಅಂದರೆ ಕಾರು ದೊರಕಿಸಿಕೊಂಡಿದ್ದೀನಿ ಅಂತ.

ಮಲ್ಲೇಶ್ವರಂ ನಿವೃತ್ತ:
ಯಾವ ಕಾಲದ್ದಾದರೂ ಆಗಲಿ, ಸರ್ಕಾರಿ ಪತ್ರದಲ್ಲಿ ನಾನದನ್ನು ಒಪ್ಪುವುದಿಲ್ಲ.

ಹನುಮಂತನಗರ ಕನ್ನಡತಿ:
ಪೀಣ್ಯದವರೇ, ನಿಮ್ಮ ಮೂರರಲ್ಲಿ ಒಂದು ಇನ್ನೂ ಬಾಕಿ ಇದೆ. ‘ಗೆಟ್ ಬ್ಯಾಕ್ ಟು ಯು’ ಅಂದರೆ ವಿಚಾರಿಸಿ ಆಮೇಲೆ ತಿಳಿಸ್ತೀನಿ. ‘ಟು ಯು’ ಬಿಟ್ಟು ‘ಐ ವಿಲ್ ಗೆಟ್ ಬ್ಯಾಕ್ ಬೈ ಫೈವ್’ ಅಂತ ಬರೆದರೆ ಐದರೊಳಗೆ ವಾಪಸ್ ಬರ್ತೀನಿ ಅಂತ ಓದಿಕೊಳ್ಳೋರೇ ಹೆಚ್ಚು. ‘ಗೆಟ್ ಇಟ್ ಬ್ಯಾಕ್’ ಅಂದರೆ ಕೊಟ್ಟದ್ದನ್ನ ವಾಪಸ್ ಪಡೆಯೋದು, ಸ್ಟೋರ್ಸ್‌ನಲ್ಲಿ ಟೂಲ್ ಕೊಟ್ಟು ತಗೊಳ್ಳೋ ನಿಮಗೆ ದಿನಾ ಬೇಕಾಗುತ್ತೆ.